ದೋಣಿ ತಾಗಿತು, ನಾವು ಇಳಿದೆವು

ಪ್ರಿಯರೇ,

ಮುರುಡೇಶ್ವರದಿಂದ ಹಾಯಿದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ ಹರಕೆಯ ಆಡು ಬಿಟ್ಟು ಬರುವ ಅಪ್ಪ-ಮಗನ ಕಥೆ ತಲುಪಿತು. ಭಾಷೆ ಹದವಾಗಿದೆ, ಅಪ್ಪನ ಮೌನ ಚೆನ್ನಾಗಿ ಬಂದಿದೆ. ಆದರೆ ಮೂರನೆಯ ಪುಟದ ನಾಲ್ಕು ಸಾಲು ಎರಡು ದಿನದಿಂದ ನನ್ನನ್ನು ಬಿಡುತ್ತಿಲ್ಲ. ಅವುಗಳ ಬಗ್ಗೆ ಮಾತ್ರ ಬರೆಯುತ್ತೇನೆ.

“ಮಧ್ಯಾಹ್ನ ಉಂಡು ಹೊರಟೆವು, ತಂಗಾಳಿ ಪಡುವಣಕ್ಕೆ ಒಯ್ದಿತು.”

ಡಿಸೆಂಬರ್ ಎಂದು ನೀವೇ ಹೇಳಿದ್ದೀರಿ. ಆ ತಿಂಗಳಲ್ಲಿ ರಾತ್ರಿ ನೆಲ ತಣಿದು, ನಸುಕಿನಲ್ಲಿ ಗಾಳಿ ದಡದಿಂದ ಕಡಲಿಗೆ ಬೀಸುತ್ತದೆ. ಬಿಸಿಲೇರಿ ನೆಲ ಕಾದ ಮೇಲೆ ಅದು ತಿರುಗಿ ವಾಯವ್ಯದಿಂದ ದಡಕ್ಕೆ ಬರುತ್ತದೆ. ನೇತ್ರಾಣಿ ಇರುವುದು ಪಡುವಣಕ್ಕೆ, ಕೊಂಚ ತೆಂಕಕ್ಕೆ ವಾಲಿ, ಸುಮಾರು 19 ಕಿ.ಮೀ. ದೂರದಲ್ಲಿ. ಚಿಕ್ಕ ಹಾಯಿದೋಣಿ ಗಂಟೆಗೆ 6 ಕಿ.ಮೀ. ಸಾಗಿದರೆ ಮೂರು ಗಂಟೆಗೂ ಮಿಕ್ಕ ದಾರಿ. ಮೂಡಗಾಳಿ ಸಾಯುವ ಮೊದಲು ಮುಟ್ಟಬೇಕಾದರೆ ಬೆಳಗಿನ ಜಾವ ನಾಲ್ಕಕ್ಕೇ ಹಾಯಿ ಬಿಚ್ಚಬೇಕು. ಮಧ್ಯಾಹ್ನದ ಗಾಳಿ ವಾಪಸು ಬರುವುದಕ್ಕೆ.

“ದೋಣಿ ತಾಗಿತು, ನಾವು ಇಳಿದೆವು.”

ನನ್ನನ್ನು ಕೆರಳಿಸಿದ ಸಾಲು ಇದೇ. ನೇತ್ರಾಣಿಗೆ ಮರಳದಂಡೆಯಿಲ್ಲ, ಜೆಟ್ಟಿಯಿಲ್ಲ. ಕಡಿದಾದ ಬಂಡೆ ನೇರ ನೀರಿಗಿಳಿದಿದೆ. ಅಲ್ಲಿ ದೋಣಿ ತಾಗಿದರೆ ಹಲಗೆ ಸೀಳುತ್ತದೆ. ಮೊದಲು ಹಾಯಿ ಇಳಿಸಿ ಹುಟ್ಟು ಹಿಡಿಯಬೇಕು. ದೊಡ್ಡ ಅಲೆ ಪಡುವಣದಿಂದ, ನೈಋತ್ಯದಿಂದ ಬರುವುದರಿಂದ ದ್ವೀಪದ ಮೂಡಣ ಮಗ್ಗುಲಿನ ಮರೆಯಲ್ಲೇ ಉಳಿಯಬೇಕು. ಬಂಡೆಯಿಂದ ದೂರದಲ್ಲೇ ಲಂಗರು ಬಿಟ್ಟು, ಹಗ್ಗ ಸಡಿಲಿಸುತ್ತ ಮೂತಿ ಮುಂದಾಗಿ ಸಾಗಬೇಕು. ಕೆಟ್ಟರೆ ಅದೇ ಹಗ್ಗ ಎಳೆದು ಹಿಂದೆ ಸರಿಯಲು. ನೀರು 10 ಮೀಟರ್ ಆಳವಿದ್ದರೆ ಕನಿಷ್ಠ 30 ಮೀಟರ್ ಹಗ್ಗ ಬೇಕು, ಇಲ್ಲದಿದ್ದರೆ ಲಂಗರು ಹಿಡಿಯದೆ ಜಾರುತ್ತದೆ. ಬಂಡೆಯ ಸಂದಿಗೆ ಸಿಕ್ಕಿಕೊಂಡರೆ ಬಿಡಿಸಲು ಲಂಗರಿನ ಬುಡಕ್ಕೆ ಇನ್ನೊಂದು ತೆಳು ಹಗ್ಗ.

ಆಮೇಲೆ ಕಾಯುವುದು. ದೊಡ್ಡ ಅಲೆಗಳು ಗುಂಪಾಗಿ ಬರುತ್ತವೆ, ನಡುವೆ ಕಡಲು ತುಸು ಸುಮ್ಮನಾಗುತ್ತದೆ. ಆಗ ದೋಣಿ ಮೇಲೆದ್ದು ಒಂದು ಕ್ಷಣ ನಿಲ್ಲುತ್ತದಲ್ಲ, ಆ ಕ್ಷಣಕ್ಕೆ ಬರಿಗೈಯಲ್ಲಿ ಕಾಲಿಡಬೇಕು. ಹಾರುವುದಲ್ಲ, ಹೆಜ್ಜೆ ಇಡುವುದು. ದೋಣಿ ಕೆಳಗಿಳಿಯುವಾಗ ಇಟ್ಟರೆ ಮುಂದಿನ ಅಲೆ ಅದನ್ನು ಎತ್ತಿ ತಂದು ಕಾಲನ್ನು ಬಂಡೆಗೆ ಅರೆಯುತ್ತದೆ. ಇಟ್ಟ ಮೇಲೆ ತಿರುಗಿ ನೋಡದೆ ಒದ್ದೆ ಗೆರೆ ದಾಟಿ ಮೇಲೇರಬೇಕು.

ನಾನು ಕರಡು ತಿದ್ದಲು ಕಲಿಯುತ್ತಿದ್ದಾಗ ಹಿರಿಯರು ಕ್ರಿಯಾಪದಗಳಿಗೆ ಮಾತ್ರ ಕೆಂಪು ಗೆರೆ ಎಳೆಸಿ, ಪ್ರತಿ ಗೆರೆಯ ಪಕ್ಕ ‘ಯಾವ ಕೈ? ಯಾವ ಕಾಲು?’ ಎಂದು ಬರೆಸುತ್ತಿದ್ದರು. ನಿಮ್ಮ ‘ಇಳಿದೆವು’ ಪಕ್ಕ ನಾನೂ ಅದನ್ನೇ ಬರೆದಿದ್ದೇನೆ.

“ನುಣುಪಾದ ಹಸಿರು ಬಂಡೆಯ ಮೇಲೆ ಕಾಲೂರಿದೆ.”

ಹಸಿರು ಎಂದರೆ ಪಾಚಿ. ಅಲ್ಲಿ ಕಾಲಿಟ್ಟವನು ನೀರಿನಲ್ಲಿರುತ್ತಾನೆ. ಚಿಪ್ಪು ಅಂಟಿದ ಒರಟು ಬಂಡೆಯೇ ಹಿಡಿತ ಕೊಡುವುದು. ಅಂಗಾಲು ಕೊಯ್ಯುತ್ತದೆ, ಬೀಳಿಸುವುದಿಲ್ಲ. ನಿಮ್ಮ ಹುಡುಗನ ಕಾಲಿನಲ್ಲಿ ಆ ಗಾಯ ಇರಬೇಕಿತ್ತು.

“ಅಪ್ಪ ದೋಣಿಯನ್ನು ಬಂಡೆಗೆ ಬಿಗಿದು ಕಟ್ಟಿ ನನ್ನ ಹಿಂದೆ ಬಂದ.”

ಅಮಾವಾಸ್ಯೆಯ ದಿನ ಎಂದಿದ್ದೀರಿ. ಅಂದು ನಮ್ಮ ಕರಾವಳಿಯಲ್ಲಿ ಆರು ತಾಸಿನೊಳಗೆ ನೀರು ಒಂದೂವರೆ ಮೀಟರಿನಷ್ಟು ಇಳಿಯುತ್ತದೆ. ಬಿಗಿದು ಕಟ್ಟಿದ ದೋಣಿಯ ಮೂತಿ ಹಗ್ಗಕ್ಕೆ ನೇತುಬೀಳುತ್ತದೆ, ಇಲ್ಲವೇ ಹಗ್ಗ ಹರಿಯುತ್ತದೆ. ಸಡಿಲ ಕಟ್ಟಿದರೆ ಪ್ರತಿ ಅಲೆಗೂ ಬಂಡೆಗೆ ಬಡಿಯುತ್ತದೆ. ಹಾಗಾಗಿ ಒಬ್ಬರು ದೋಣಿಯಲ್ಲೇ ಉಳಿಯಬೇಕು, ಲಂಗರಿನ ಹಗ್ಗ ಎಳೆದು ದೂರ ಸರಿದು, ಹುಟ್ಟು ಕೈಯಲ್ಲಿ ಹಿಡಿದು.

ನಿಮ್ಮ ಕಥೆಯಲ್ಲಿರುವುದು ಇಬ್ಬರೇ. ಅಂದರೆ ಅಪ್ಪ ಇಳಿಯುವಂತಿಲ್ಲ. ಆಡಿನ ನಾಲ್ಕೂ ಕಾಲು ಕಟ್ಟಿ, ಹೊಟ್ಟೆಯಡಿ ಹಗ್ಗ ಸುತ್ತಿ, ಅದರ ತುದಿಯನ್ನು ಅಪ್ಪ ಎಸೆಯಬೇಕು. ಮೇಲೆ ನಿಂತು ಎಳೆದುಕೊಳ್ಳುವವನು ಮಗ ಒಬ್ಬನೇ. ಹರಕೆ ಹೊತ್ತವನು ನೀರಿನ ಮೇಲೆ, ತೀರಿಸುವವನು ಬಂಡೆಯ ಮೇಲೆ. ನಡುವಿನ ಇಪ್ಪತ್ತು ಮೀಟರಿನಲ್ಲಿ ಅಲೆಯ ಸದ್ದಿಗೆ ಒಬ್ಬರ ಮಾತು ಒಬ್ಬರಿಗೆ ಕೇಳುವುದಿಲ್ಲ. ಮೂರನೆಯ ಪುಟವನ್ನು ಇಲ್ಲಿಂದ ಮತ್ತೆ ಬರೆಯಿರಿ. ಹತ್ತಿದ ಜಾಗ ಇಳಿತದಲ್ಲಿ ಪಾಚಿಯ ಗೋಡೆಯಾಗುತ್ತದೆ. ಅದಕ್ಕೂ ಮುಂಚೆ ಮಗ ದೋಣಿಗೆ ಮರಳಿರಬೇಕು, ಮರೆಯಬೇಡಿ. ಬರೆದು ನನಗೇ ಕಳಿಸಿ, ಕಾಯುತ್ತಿರುತ್ತೇನೆ.

ಇತಿ,
ಸಂಪಾದಕ