ವಿಕಿಪೀಡಿಯದಲ್ಲಿ ಯೂಸರ್‌ನೇಮ್ ಏನಿಟ್ಕೋಬೇಕು? ಸಂಸ್ಥೆ ಹೆಸರು ಇಡಬಹುದಾ?

ನೀವು ಒಂದೇ ಪ್ರಶ್ನೇಲಿ ಮೂರು ಕೇಳಿದೀರ: ಕೆಲಸ ಮಾಡೋ ಟ್ರಸ್ಟ್ ಹೆಸರಲ್ಲೇ ವಿಕಿಪೀಡಿಯ ಅಕೌಂಟ್ ಮಾಡಬಹುದಾ, ಇಲ್ಲಾಂದ್ರೆ ನಿಜವಾದ ಹೆಸರು ಕೊಡೋದಾ ಅಥವಾ ಯಾವ್ದಾದ್ರೂ ಅಡ್ಡಹೆಸರಾ, ಕನ್ನಡ ಲಿಪಿಲಿ ಇಟ್ರೆ ತೊಂದ್ರೆ ಆಗುತ್ತಾ ಅಂತ. ಹೊಸ ಅಕೌಂಟ್‌ಗಳ ಎಡಿಟ್ ನೋಡೋ ಕೆಲಸ ನಾನು ತುಂಬಾ ದಿನದಿಂದ ಮಾಡ್ತಾ ಇದೀನಿ, ಅದ್ರಿಂದ ಹೇಳ್ತೀನಿ.

ಟ್ರಸ್ಟ್ ಹೆಸರು ಬೇಡ. ವಿಕಿಪೀಡಿಯದಲ್ಲಿ ಒಂದು ಅಕೌಂಟ್ ಅಂದ್ರೆ ಒಬ್ರು ಮನುಷ್ಯರು, ಅಷ್ಟೇ. ಇವತ್ತು ನೀವು ಎಡಿಟ್ ಮಾಡ್ತೀರ, ನಾಳೆ ನಿಮ್ ಜಾಗಕ್ಕೆ ಇನ್ನೊಬ್ರು ಬರ್ತಾರೆ, ಅದೇ ಪಾಸ್‌ವರ್ಡ್ ಅವ್ರ ಕೈಗೆ ಹೋಗುತ್ತೆ, ಆಮೇಲೆ ಚರ್ಚೆ ಪುಟದಲ್ಲಿ ಯಾರಾದ್ರೂ "ಹೋದ ವರ್ಷ ಈ ಸಾಲು ಯಾಕೆ ತೆಗೆದ್ರಿ" ಅಂತ ಕೇಳಿದ್ರೆ ಉತ್ರ ಕೊಡೋರು ಯಾರು? ಅದಕ್ಕೇ ಸಂಸ್ಥೆ, ಕಂಪ್ನಿ, "ಮೀಡಿಯಾ ಟೀಮ್", "ಪಿಆರ್ ವಿಭಾಗ" ಥರದ ಹೆಸರು ಕಂಡ್ರೆ ಇಂಗ್ಲಿಷ್ ವಿಕಿಪೀಡಿಯದಲ್ಲಿ ನಿರ್ವಾಹಕರು ಬ್ಲಾಕ್ ಮಾಡ್ತಾರೆ. ಬರೀ ಹೆಸರೊಂದೇ ಸಮಸ್ಯೆ ಆಗಿದ್ರೆ ಅದು ಮೆದು ಬ್ಲಾಕ್, ಬೇರೆ ಹೆಸರಲ್ಲಿ ಬನ್ನಿ ಅಂತ ಅರ್ಥ. ಹೆಸರಿನ ಜೊತೆ ಪ್ರಚಾರದ ಬರಹಾನೂ ಇದ್ರೆ ಪೂರ್ತಿ ಬಾಗಿಲು ಹಾಕ್ತಾರೆ. ಅಲ್ಲೇ ಇನ್ನೊಂದು ದಾರಿ ಇದೆ, "ಇಂಥಾ ಸಂಸ್ಥೆಯ ಇಂಥವರು" ಅಂತ ವ್ಯಕ್ತಿ ಹೆಸರು ಸೇರ್ಸಿ ಇಟ್ರೆ ಒಪ್ತಾರೆ. ಜರ್ಮನ್ ವಿಕಿಪೀಡಿಯದಲ್ಲಂತೂ ಗುರುತು ಖಚಿತಪಡಿಸಿದ್ರೆ ಸಂಸ್ಥೆ ಹೆಸರೇ ನಡಿಯುತ್ತೆ, ಅಂದ್ರೆ ಒಂದೊಂದು ಭಾಷೆ ವಿಕಿಗೆ ಒಂದೊಂದು ನಿಯಮ. ಆದ್ರೂ ನನ್ನ ಕೇಳಿದ್ರೆ ಹೆಸರಲ್ಲಿ ಸಂಸ್ಥೆ ತರಲೇಬೇಡಿ, ಕೆಲಸ ಬಿಟ್ಮೇಲೂ ಅದನ್ನ ಹೊತ್ಕೊಂಡು ತಿರುಗ್ಬೇಕಾಗುತ್ತೆ. ಟ್ರಸ್ಟ್‌ನಿಂದ ಸಂಬಳ ತಗೊಂಡು ಬರಿಯೋದಾದ್ರೆ ಅದನ್ನ ಸದಸ್ಯ ಪುಟದಲ್ಲಿ (ಅಂದ್ರೆ ನಿಮ್ಮ ಅಕೌಂಟ್ ಹೆಸರಲ್ಲಿರೋ ಪುಟ) ಬರೀರಿ, ದುಡ್ಡು ತಗೊಂಡು ಎಡಿಟ್ ಮಾಡೋರು ಯಾರ ಪರವಾಗಿ ಅಂತ ಹೇಳ್ಲೇಬೇಕು ಅನ್ನೋದು 2014ರಿಂದ ವಿಕಿಪೀಡಿಯ ನಡೆಸೋ ವಿಕಿಮೀಡಿಯ ಸಂಸ್ಥೆಯ ಬಳಕೆ ಷರತ್ತಲ್ಲೇ ಇದೆ.

ಇನ್ನು ನಿಜ ಹೆಸರಾ ಅಡ್ಡಹೆಸರಾ. ಎರಡೂ ಪರವಾಗಿಲ್ಲ, ಆದ್ರೆ ಇಲ್ಲಿ ಸ್ವಲ್ಪ ನಿಧಾನವಾಗಿ ಯೋಚ್ನೆ ಮಾಡಿ, ಯಾಕಂದ್ರೆ ವಾಪಸ್ ತಗೊಳ್ಳೋಕಾಗಲ್ಲ. ಯಾವ ಪುಟದ ಇತಿಹಾಸ ಟ್ಯಾಬ್ ಒತ್ತಿದ್ರೂ ಯಾರು, ಯಾವ ದಿನ, ಎಷ್ಟು ಹೊತ್ತಿಗೆ, ಏನು ಬದಲಾಯಿಸಿದ್ರು ಅಂತ ಸಾಲು ಸಾಲಾಗಿ ಕಾಣುತ್ತೆ, ನಿಮ್ಮ ಹೆಸರ ಪಕ್ಕದಲ್ಲಿರೋ ಕೊಡುಗೆಗಳ ಲಿಂಕ್ ಒತ್ತಿದ್ರೆ ನೀವು ಮಾಡಿದ್ದೆಲ್ಲಾ ಒಂದೇ ಪಟ್ಟಿಲಿ ಬರುತ್ತೆ. ನೀವು ರಾತ್ರಿ ಎಷ್ಟು ಹೊತ್ತಿನವರೆಗೆ ಎದ್ದಿರ್ತೀರ ಅನ್ನೋದೂ ಗೊತ್ತಾಗ್ಬಿಡುತ್ತೆ! ಅಕೌಂಟ್ ಡಿಲೀಟ್ ಮಾಡೋ ಬಟನ್ನೇ ಇಲ್ಲ, ಯಾಕಂದ್ರೆ ಅಲ್ಲಿನ ಬರಹ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸಲ್ಲಿರೋದು, ಅಂದ್ರೆ ಯಾರು ಬೇಕಾದ್ರೂ ಬಳಸಬಹುದು ಆದ್ರೆ ಬರೆದೋರ ಹೆಸರು ಉಳೀಲೇಬೇಕು. ಹೆಸರು ಬದಲಾಯಿಸಬಹುದು ನಿಜ, ಆಗ ಇತಿಹಾಸದಲ್ಲಿ ಹೊಸ ಹೆಸರು ಬರುತ್ತೆ, ಆದ್ರೆ ಚರ್ಚೆ ಪುಟಗಳಲ್ಲಿ ಹಾಕಿದ ಹಳೇ ಸಹಿ ಹಾಗೇ ಇರುತ್ತೆ, ಹಳೇ ಹೆಸರು ಯಾವ್ದು ಹೊಸದು ಯಾವ್ದು ಅನ್ನೋ ಲಾಗ್ ಕೂಡ ಎಲ್ಲರಿಗೂ ಕಾಣುತ್ತೆ. ಹಾಗಾಗಿ ಧರ್ಮ, ರಾಜಕೀಯ, ಸಿನಿಮಾ ಸ್ಟಾರ್‌ಗಳು ಇಂಥ ಜಗಳದ ಪುಟಗಳಿಗೆ ಕೈ ಹಾಕೋ ಮನಸ್ಸಿದ್ರೆ ಅಡ್ಡಹೆಸರೇ ಒಳ್ಳೇದು, ಮತ್ತೆ ಅದು ಇನ್‌ಸ್ಟಾಗ್ರಾಮಲ್ಲೋ ಇಮೇಲಲ್ಲೋ ಬಳಸ್ತಿರೋ ಹೆಸರು ಆಗಿರಬಾರ್ದು, ಗೂಗಲಲ್ಲಿ ಹುಡುಕಿದ್ರೆ ಮುಗೀತು ಕಥೆ. ಅಕೌಂಟೇ ಬೇಡ, ಲಾಗಿನ್ ಆಗದೇ ಬರೀತೀನಿ ಅಂದ್ರೂ ಒಂದು ಗುರುತು ಇದ್ದೇ ಇರುತ್ತೆ: ಮುಂಚೆ ಐಪಿ ಅಡ್ರೆಸ್ಸೇ ಎಲ್ಲರಿಗೂ ಕಾಣ್ತಿತ್ತು, ಈಗ ಅದರ ಬದ್ಲು ~2025 ಥರ ವರ್ಷದಿಂದ ಶುರುವಾಗೋ ತಾತ್ಕಾಲಿಕ ಖಾತೆ ನಂಬರ್ ಬರುತ್ತೆ.

ಕನ್ನಡ ಲಿಪಿಲಿ ಧಾರಾಳವಾಗಿ ಇಡಬಹುದು, ನನಗಂತೂ ನೋಡೋಕೆ ಖುಷಿ. ಎರಡು ವಿಷ್ಯ ಗಮನಿಸಿ. ಒಂದು, ಸೊನ್ನೆ. ಎಷ್ಟೋ ಜನ ಅನುಸ್ವಾರದ ಜಾಗದಲ್ಲಿ ಅಂಕಿಯ ಸೊನ್ನೆ ಟೈಪ್ ಮಾಡ್ತಾರೆ, "ಕ೦ದ" ಮತ್ತು "ಕಂದ" ಸ್ಕ್ರೀನಲ್ಲಿ ಹತ್ರಹತ್ರ ಒಂದೇ ಥರ ಕಾಣುತ್ತೆ, ಕಂಪ್ಯೂಟರಿಗೆ ಮಾತ್ರ ಬೇರೆಬೇರೆ. ಆ ಸೊನ್ನೆ ಇಟ್ಕೊಂಡು ರಿಜಿಸ್ಟರ್ ಮಾಡಿದ್ರೆ ಸರಿಯಾಗಿ ಟೈಪ್ ಮಾಡಿ ಹುಡುಕೋರಿಗೆ ನೀವು ಸಿಗೋದೇ ಇಲ್ಲ, ನಿಮ್ಮನ್ನ ಕರೆದ್ರೆ ನೋಟಿಫಿಕೇಶನ್ನೂ ಬರಲ್ಲ. ಎರಡು, "ಸಾಫ್ಟ್‌ವೇರ್" ಅಂತ ಬರೆಯೋವಾಗ ಒತ್ತಕ್ಷರ ಆಗದೇ ಇರ್ಲಿ ಅಂತ ಮಧ್ಯದಲ್ಲಿ ಕಣ್ಣಿಗೆ ಕಾಣದ ಒಂದು ಕ್ಯಾರೆಕ್ಟರ್ ಹಾಕ್ತೀವಲ್ಲ, ಅದನ್ನ ಮೀಡಿಯಾವಿಕಿ (ವಿಕಿಪೀಡಿಯ ಓಡೋ ಪ್ರೋಗ್ರಾಂ) ಯೂಸರ್‌ನೇಮಲ್ಲಿ ಬಿಟ್ಕೊಳ್ಳಲ್ಲ, ಅದಿಲ್ದಿದ್ರೆ "ಸಾಫ್ಟ್ವೇರ್" ಆಗುತ್ತೆ. ಹಾಗಾಗಿ ಅದರ ಅಗತ್ಯ ಇಲ್ಲದ ಹೆಸರು ಹುಡುಕಿ. ತೀರಾ ಉದ್ದಾನೂ ಬೇಡ, ಮಿತಿ ಲೆಕ್ಕ ಹಾಕೋದು ಅಕ್ಷರದಲ್ಲಲ್ಲ, ಬೈಟಲ್ಲಿ (ಕಂಪ್ಯೂಟರಲ್ಲಿ ಹಿಡಿಯೋ ಜಾಗದ ಅಳತೆ), ಕನ್ನಡದ ಒಂದೊಂದು ಅಕ್ಷರ ಚಿಹ್ನೆ ಮೂರು ಬೈಟ್ ತಿನ್ನುತ್ತೆ. ಇದೇ ಒಂದು ಅಕೌಂಟ್ ಕಾಮನ್ಸ್ (ಚಿತ್ರಗಳ ಸಂಗ್ರಹ), ವಿಕಿಡೇಟಾ (ಮಾಹಿತಿ ಸಂಗ್ರಹ), ಬೇರೆ ಭಾಷೆ ವಿಕಿಗಳು ಎಲ್ಲದಕ್ಕೂ ನಡಿಯೋದ್ರಿಂದ ಕನ್ನಡ ಓದೋಕೆ ಬರದೋರೂ ನಿಮ್ಮನ್ನ ಮಾತಾಡಿಸ್ತಾರೆ. ಸಹಿಲಿ ಪಕ್ಕಕ್ಕೆ ಇಂಗ್ಲಿಷ್ ಅಕ್ಷರದಲ್ಲೂ ಹೆಸರು ಬರ್ಕೊಂಡ್ರೆ ಅವ್ರಿಗೆ ಉಪಕಾರ.

ಉಳಿದಿದ್ದು ನಿಮಗೇ ಗೊತ್ತಿರುತ್ತೆ, ಬೈಗುಳ ಬೇಡ, ಫೋನ್ ನಂಬರ್ ಬೇಡ, ಪ್ರಸಿದ್ಧರ ಹೆಸರು ಬೇಡ, ಕೊನೇಲಿ "ಬಾಟ್" ಅಂತ ಬೇಡ (ಅದು ತಾನಾಗೇ ಎಡಿಟ್ ಮಾಡೋ ಪ್ರೋಗ್ರಾಂಗಳಿಗೆ), "ಅಡ್ಮಿನ್" ಅಂತೂ ಬೇಡ್ವೇ ಬೇಡ. ಇಮೇಲ್ ಐಡಿ ಹಾಕಕ್ಕೆ ಹೋದ್ರೆ ಆಟ್ ಚಿಹ್ನೆ ಅದೇ ತಗೊಳ್ಳಲ್ಲ. ನಿಯಮದಲ್ಲಿ ಇಲ್ದಿದ್ರೂ ನನಗೆ ಕಿರಿಕಿರಿ ಅನ್ಸೋದು ಇನ್ನೊಂದಿದೆ: "ಸತ್ಯವಾದಿ", "ಇತಿಹಾಸ ರಕ್ಷಕ" ಥರದ ಹೆಸರುಗಳು. ಆ ಹೆಸರಿನೋರು ನಿಮ್ಮ ಎಡಿಟ್ ಅಳಿಸಿದ್ರೆ ಹಂಗಾದ್ರೆ ನಾನು ಬರೆದಿದ್ದು ಸುಳ್ಳಾ ಅಂತ ಮೊದಲೇ ಪಿತ್ತ ನೆತ್ತಿಗೇರುತ್ತೆ, ಮಾತು ಶುರುವಾಗೋ ಮುಂಚೆನೇ ಜಗಳ. ಸಪ್ಪೆ ಹೆಸರೇ ವಾಸಿ.

ಟ್ರಸ್ಟ್ ಹೆಸರಲ್ಲಿ ಈಗಾಗ್ಲೇ ಅಕೌಂಟ್ ಮಾಡಿಬಿಟ್ಟಿದ್ರೆ ಗಾಬರಿ ಬೇಡ. ಒಂದೆರಡು ಎಡಿಟ್ ಅಷ್ಟೇ ಆಗಿದ್ರೆ ಅದನ್ನ ಅಲ್ಲೇ ಬಿಟ್ಟು ಹೊಸದೊಂದು ಮಾಡ್ಕೊಳ್ಳಿ, ಹಳೇದು ನಂದೇ, ಇನ್ಮೇಲೆ ಬಳಸಲ್ಲ ಅಂತ ಹೊಸ ಸದಸ್ಯ ಪುಟದಲ್ಲಿ ಒಂದು ಸಾಲು ಹಾಕಿ, ಇಲ್ಲಾಂದ್ರೆ ಎರಡೆರಡು ಅಕೌಂಟ್ ಇಟ್ಕೊಂಡು ಆಟ ಆಡ್ತಿದಾರೆ ಅಂತ ಯಾರಾದ್ರೂ ಅನುಮಾನ ಪಡ್ತಾರೆ. ಜಾಸ್ತಿ ಕೆಲಸ ಆಗಿದ್ರೆ ಮಾತ್ರ ರಿನೇಮ್‌ಗೆ ಅರ್ಜಿ ಹಾಕಿ, ಫಾರ್ಮ್ ಇದೆ, ದುಡ್ಡು ಕಾಸು ಏನೂ ಇಲ್ಲ. ಯಾವ ಅಕೌಂಟ್ ಆದ್ರೂ ಇಮೇಲ್ ಒಂದು ಜೋಡಿಸಿಡಿ, ಪಾಸ್‌ವರ್ಡ್ ಮರೆತ್ರೆ ಅದೇ ದಾರಿ.