ಡಿಗ್ರಿಯಲ್ಲಿ ಎನ್‌ಸಿಸಿ ತೆಗೆದುಕೊಂಡರೆ ಸೇನಾ ಅಧಿಕಾರಿಯಾಗಲು ನಿಜಕ್ಕೂ ಸಹಾಯವಾಗುತ್ತಾ?

ನೀವು ಕೇಳಿದ್ದು ಇಷ್ಟು: ಬಿ.ಕಾಂ ಮೊದಲ ವರ್ಷದಲ್ಲಿದ್ದೀರಿ, ಸೇನೆಯಲ್ಲಿ ಅಧಿಕಾರಿಯಾಗುವ ಆಸೆಯಿದೆ. ಎನ್‌ಸಿಸಿ ಸೇರಿದರೆ ಅದಕ್ಕೆ ದಾರಿಯಾಗುತ್ತಾ, ಇಲ್ಲಾ ಸುಮ್ನೆ ಮೂರು ವರ್ಷ ಬಿಸಿಲಲ್ಲಿ ಪರೇಡ್ ಮಾಡಿಸುತ್ತಾರಾ?

ನಾನು ಒಂದು ಡಿಗ್ರಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತೇನೆ. ಜೊತೆಗೆ ಹಲವು ವರ್ಷಗಳಿಂದ ಅಲ್ಲಿನ ಎನ್‌ಸಿಸಿ ಅಧಿಕಾರಿ. ಖಂಡಿತ ಸೇರಿ. ಆದರೆ ಅದರಿಂದ ಏನು ಸಿಗುತ್ತೆ, ಏನು ಸಿಗಲ್ಲ ಅನ್ನೋದು ಮೊದಲೇ ಗೊತ್ತಿರಲಿ.

ದಾರಿಯ ವಿಷಯ ಮೊದಲು ಮುಗಿಸಿಬಿಡೋಣ. ಎರಡನೇ ವರ್ಷಕ್ಕೆ ‘ಬಿ’ ಸರ್ಟಿಫಿಕೇಟ್ ಪರೀಕ್ಷೆ, ಮೂರನೇ ವರ್ಷಕ್ಕೆ ‘ಸಿ’. ‘ಸಿ’ಯಲ್ಲಿ ಕನಿಷ್ಠ ಬಿ ಗ್ರೇಡ್, ಡಿಗ್ರಿಯಲ್ಲಿ ಶೇ. 50 ಅಂಕ, ವಯಸ್ಸು 19ರಿಂದ 25ರೊಳಗೆ, ಮದುವೆ ಆಗಿರಬಾರದು. ಇಷ್ಟಿದ್ದರೆ ಎನ್‌ಸಿಸಿ ಸ್ಪೆಷಲ್ ಎಂಟ್ರಿಗೆ ಅರ್ಜಿ ಹಾಕಬಹುದು. ಡಿಗ್ರಿ ಮುಗಿಸಿ ಸೇನಾಧಿಕಾರಿಯಾಗಲು ಬೇರೆಯವರು ಬರೆಯುವ ಸಿಡಿಎಸ್ ಲಿಖಿತ ಪರೀಕ್ಷೆ ನಿಮಗಿಲ್ಲ. ಅರ್ಜಿ ಆಯ್ಕೆಯಾದರೆ ನೇರವಾಗಿ ಎಸ್‌ಎಸ್‌ಬಿ (ಅಧಿಕಾರಿಗಳನ್ನು ಆರಿಸುವ ಸರ್ವಿಸಸ್ ಸೆಲೆಕ್ಷನ್ ಬೋರ್ಡ್) ಸಂದರ್ಶನಕ್ಕೆ ಕರೆ ಬರುತ್ತದೆ. ಅದರಲ್ಲೂ ಪಾಸಾಗಿ, ವೈದ್ಯಕೀಯ ಪರೀಕ್ಷೆ ದಾಟಿ, ಮೆರಿಟ್‌ನಲ್ಲಿ ಹೆಸರು ಬಂದರೆ ಚೆನ್ನೈನ ಆಫೀಸರ್ಸ್ ಟ್ರೈನಿಂಗ್ ಅಕಾಡೆಮಿಯಲ್ಲಿ 49 ವಾರ ತರಬೇತಿ. ಹೆಣ್ಣುಮಕ್ಕಳಿಗೂ ಈ ದಾರಿ ಇದೆ. ಎನ್‌ಡಿಎಗೆ (ನ್ಯಾಷನಲ್ ಡಿಫೆನ್ಸ್ ಅಕಾಡೆಮಿ) ಪಿಯುಸಿ ಹೊತ್ತಿಗೇ ಪ್ರಯತ್ನಿಸಬೇಕಿತ್ತಲ್ಲ ಅಂತ ಕೊರಗಬೇಡಿ.

ಈಗ ಪಾಠದ ವಿಷಯ. ಎನ್‌ಸಿಸಿಯನ್ನೇ ಐಚ್ಛಿಕ ವಿಷಯವಾಗಿ, ಕ್ರೆಡಿಟ್ ಕೊಟ್ಟು ಕಲಿಸಬಹುದು ಅಂತ ಯುಜಿಸಿ 2021ರಲ್ಲಿ ವಿಶ್ವವಿದ್ಯಾಲಯಗಳಿಗೆ ತಿಳಿಸಿತು. ನಿಮ್ಮ ಕಾಲೇಜಿನಲ್ಲಿ ಅದು ಇದೆಯಾ ಅಂತ ಆಫೀಸಿನಲ್ಲಿ ಕೇಳಿ. ಇಲ್ಲದಿದ್ದರೂ ಕಲಿಸುವುದು ಹೆಚ್ಚುಕಡಿಮೆ ಅದನ್ನೇ: ಡ್ರಿಲ್, .22 ರೈಫಲ್, ಮ್ಯಾಪ್ ರೀಡಿಂಗ್, ಫೀಲ್ಡ್ ಕ್ರಾಫ್ಟ್ (ಬಯಲಲ್ಲಿ ಮರೆಯಾಗಿ ಸಾಗುವುದು, ದೂರ ಅಂದಾಜಿಸುವುದು ಇತ್ಯಾದಿ), ಪ್ರಥಮ ಚಿಕಿತ್ಸೆ, ವಿಪತ್ತು ನಿರ್ವಹಣೆ, ನಾಯಕತ್ವ. ಡ್ರಿಲ್ ಆಜ್ಞೆಗಳೆಲ್ಲ ಹಿಂದಿಯಲ್ಲಿ. ‘ಸಾವಧಾನ್’, ‘ವಿಶ್ರಾಮ್’, ‘ದಾಹಿನೇ ಮುಡ್’ ಎರಡು ವಾರದಲ್ಲಿ ಕಿವಿಗೆ ಹತ್ತುತ್ತದೆ, ಭಾಷೆ ಬರಲ್ಲ ಅಂತ ಹೆದರಬೇಡಿ.

ಹೆಚ್ಚಿನ ಮಕ್ಕಳು ರೈಫಲ್ ಹಿಡಿಯುವ ದಿನಕ್ಕೆ ಕಾಯುತ್ತಾರೆ. ಸಹಜ ಬಿಡಿ. ಆದರೆ ಅಧಿಕಾರಿಯಾಗುವವರಿಗೆ ಮ್ಯಾಪ್ ರೀಡಿಂಗ್‌ನಷ್ಟು ಉಪಯೋಗಕ್ಕೆ ಬರುವ ಪಾಠ ಇನ್ನೊಂದಿಲ್ಲ ಅನ್ನೋದು ನನ್ನ ಅನುಭವ. ಅದನ್ನು ಬಾಯಿಪಾಠ ಮಾಡಿ ಪರೀಕ್ಷೆ ಬರೆದು ಮರೆಯುವವರೇ ಜಾಸ್ತಿ. ನೋಡಿದಾಗ ಹೊಟ್ಟೆ ಉರಿಯುತ್ತದೆ.

ಒಂದು ಸಲ ಎರಡನೇ ವರ್ಷದ ಹುಡುಗಿಯೊಬ್ಬಳ ಕೈಗೆ ಎಂಟು ಜನರ ಸೆಕ್ಷನ್ ಕೊಟ್ಟು ಊರಾಚೆ ಕರೆದುಕೊಂಡು ಹೋಗಿದ್ದೆ. ಮ್ಯಾಪ್ 1:50,000 ಸ್ಕೇಲಿನದು, ಎರಡು ಸೆಂಟಿಮೀಟರ್ ಅಂದರೆ ನೆಲದ ಮೇಲೆ ಒಂದು ಕಿಲೋಮೀಟರ್. ನಾವು ನಿಂತಿರುವುದು ಎಲ್ಲಿ ಅಂತ ಮ್ಯಾಪಿನಲ್ಲಿ ತೋರಿಸು ಅಂದೆ. ಅವಳು ಕಂಪಾಸ್ ಕಣ್ಣಿಗೆ ಹಿಡಿದು ಗುಡ್ಡದ ಮೇಲಿನ ದೇವಸ್ಥಾನಕ್ಕೊಂದು ಬೇರಿಂಗ್ (ಅದು ಉತ್ತರದಿಂದ ಎಷ್ಟು ಡಿಗ್ರಿಯಲ್ಲಿದೆ ಅನ್ನೋ ಲೆಕ್ಕ) ತೆಗೆದಳು, ದೂರದ ನೀರಿನ ಟ್ಯಾಂಕಿಗೆ ಇನ್ನೊಂದು. ಎರಡನ್ನೂ ತಿರುಗಿಸಿ, ಅಂದರೆ ಅಲ್ಲಿಂದ ನಮ್ಮ ಕಡೆಗಿನ ದಿಕ್ಕು ಲೆಕ್ಕ ಹಾಕಿ, ಮ್ಯಾಪಿನ ಮೇಲೆ ಗೆರೆ ಎಳೆದಳು. ಗೆರೆಗಳು ಕೂಡಿದ್ದು ಕೆರೆಯ ನಡುವೆ! ನಾವು ನಿಂತಿದ್ದು ಒಣ ಹೊಲದ ಬದುವಿನ ಮೇಲೆ. ಹುಡುಗರು ನಗಲು ಶುರು ಮಾಡಿದರು. ಅವಳು ಲೆಕ್ಕ ಮತ್ತೆ ನೋಡಿದಳು, ಸರಿಯಾಗಿಯೇ ಇತ್ತು. ನನಗೆ ಕಾರಣ ಗೊತ್ತಿತ್ತು, ಆದರೂ ಹೇಳಲಿಲ್ಲ. ಎರಡು ನಿಮಿಷ ಸುಮ್ಮನೆ ನಿಂತಳು. ಆಮೇಲೆ ಪಕ್ಕದಲ್ಲಿದ್ದ ಕಬ್ಬಿಣದ ಕರೆಂಟ್ ಕಂಬವನ್ನು ನೋಡಿದಳು. ಕಬ್ಬಿಣ ಹತ್ತಿರವಿದ್ದರೆ ಕಂಪಾಸ್ ಮುಳ್ಳು ತಪ್ಪು ದಿಕ್ಕು ತೋರಿಸುತ್ತದೆ. ‘ಸರ್, ನಿಂತ ಜಾಗ ತಪ್ಪು, ಮತ್ತೆ ತೆಗೀತೀನಿ’ ಅಂದು ಇಡೀ ಸೆಕ್ಷನ್ನನ್ನು ನೂರು ಹೆಜ್ಜೆ ಆಚೆ ನಡೆಸಿಕೊಂಡು ಹೋದಳು. ಈ ಸಲ ಗೆರೆಗಳು ಬದುವಿನ ಹತ್ತಿರವೇ ಕೂಡಿದವು.

ಎಸ್‌ಎಸ್‌ಬಿಯಲ್ಲಿ ಐದು ದಿನ ನೋಡುವುದೂ ಇಂಥದ್ದನ್ನೇ. ಅಲ್ಲಿ ಪದಗಳ ಪರೀಕ್ಷೆಯಲ್ಲಿ ಒಂದೊಂದು ಪದ ತೋರಿಸಿ 15 ಸೆಕೆಂಡ್ ಕೊಡುತ್ತಾರೆ, ಹಾಗೆ 60 ಪದ. ಹಲಗೆ, ಹಗ್ಗ, ಡ್ರಮ್ ಕೊಟ್ಟು ತಂಡವನ್ನು ಅಡೆತಡೆ ದಾಟಿಸು ಅನ್ನುತ್ತಾರೆ. ಜಾಗದ ಮಾದರಿಯೊಂದನ್ನು ಮುಂದಿಟ್ಟು, ಒಂದೇ ಹೊತ್ತಿಗೆ ಬಂದ ಮೂರ್ನಾಲ್ಕು ತೊಂದರೆಗಳಿಗೆ ಯೋಜನೆ ಮಾಡಿಸುತ್ತಾರೆ. ಮ್ಯಾಪ್ ಹಿಡಿದು ಹೊಲ ಸುತ್ತಿದವರಿಗೆ ಅದು ಹೊಸದು ಅನ್ನಿಸಲ್ಲ. ಕೋಚಿಂಗ್‌ನಲ್ಲಿ ಕಲಿತ ಸಿದ್ಧ ಉತ್ತರಗಳಿಗಿಂತ ಈ ಅಭ್ಯಾಸವನ್ನೇ ನಾನು ಹೆಚ್ಚು ನಂಬುತ್ತೇನೆ.

ಹಾಗಾಗಿ ಹತ್ತು ದಿನದ ವಾರ್ಷಿಕ ಕ್ಯಾಂಪಿಗೆ ಹೋದಾಗ ಜವಾಬ್ದಾರಿ ಕೇಳಿ ಪಡೆಯಿರಿ. ಊಟದ ಸಾಲು ನೋಡಿಕೊಳ್ಳುವುದು, ರಾತ್ರಿ ತಲೆ ಎಣಿಸುವುದು, ಜ್ವರ ಬಂದವರನ್ನು ವೈದ್ಯರ ಹತ್ತಿರ ಕರೆದೊಯ್ಯುವುದು, ಯಾವುದಾದರೂ ಸರಿ. ದಣಿದು ಬಂದ ನಲವತ್ತು ಜನರನ್ನು ಕೂಗಾಡದೆ ಸಾಲಲ್ಲಿ ನಿಲ್ಲಿಸುವುದು ಸುಲಭವಲ್ಲ. ಸರ್ಟಿಫಿಕೇಟಿಗೋಸ್ಕರ ಮಾತ್ರ ಬಂದವರು ಈ ಹೊತ್ತಿನಲ್ಲಿ ಟೆಂಟಿನೊಳಗೆ ಮಲಗಿರುತ್ತಾರೆ.

ಬಿ.ಕಾಂ ಓದನ್ನು ಮಾತ್ರ ಕಡೆಗಣಿಸಬೇಡಿ. ‘ಸಿ’ಯಲ್ಲಿ ಒಳ್ಳೆಯ ಗ್ರೇಡ್ ಬಂದೂ ಡಿಗ್ರಿಯಲ್ಲಿ ಶೇ. 50 ದಾಟದೆ ಅರ್ಜಿ ಹಾಕಲಾಗದ ಹುಡುಗರನ್ನು ಕಂಡಿದ್ದೇನೆ. ಪರೇಡ್ ಹಾಜರಾತಿ ಶೇ. 75 ಇರಬೇಕು, ಅದಿಲ್ಲದೆ ಸರ್ಟಿಫಿಕೇಟ್ ಪರೀಕ್ಷೆಗೆ ಕೂರಿಸಲ್ಲ.

ಇನ್ನೊಂದು ವಿಷಯ, ತಡ ಮಾಡಬೇಡಿ. ಡಿಗ್ರಿ ಮುಗಿಯುವುದರೊಳಗೆ ‘ಸಿ’ ಬರೆಯಬೇಕೆಂದರೆ ಮೊದಲ ವರ್ಷದಲ್ಲೇ ಹೆಸರು ಸೇರಿರಬೇಕು. ನಾಳೆಯೇ ನಿಮ್ಮ ಕಾಲೇಜಿನ ಎನ್‌ಸಿಸಿ ಅಧಿಕಾರಿಯನ್ನು ಕಂಡು ಆಯ್ಕೆ ಯಾವತ್ತು ಅಂತ ಕೇಳಿ. ಆಯ್ಕೆಯ ದಿನ ಓಡಿಸುತ್ತಾರೆ, ಶೂ ಹಾಕಿಕೊಂಡು ಹೋಗಿ.