ಹಿತ್ತಿಲಿನ ಹಳೆಯ ತಡೆಗೋಡೆ ಒಸರುತ್ತಿದೆ: ಮುಂಬದಿಗೆ ವಾಟರ್‌ಪ್ರೂಫ್ ಬಣ್ಣ ಬಳಿದರೆ ಸಾಕೇ?

ಐದಡಿ ಎತ್ತರದ ಕೆಂಪುಕಲ್ಲಿನ ಗೋಡೆ, ಅದರ ಹಿಂದೆ ಹೂದೋಟದ ಮಣ್ಣು, ಮಳೆಗಾಲದಲ್ಲಿ ಸಾರಣೆ ಪಾಚಿಗಟ್ಟಿ ಬಣ್ಣ ಏಳುತ್ತದೆ ಎಂದು ಬರೆದಿದ್ದೀರಿ. ಬಣ್ಣ ಸಾಲದು. ದಯವಿಟ್ಟು ಅದಕ್ಕೆ ದುಡ್ಡು ಸುರಿಯಬೇಡಿ. ಪುತ್ತೂರಿನ ನಮ್ಮ ಮನೆಯಲ್ಲಿ ನಾನು ಎರಡು ಸಲ ಬಳಿಸಿದೆ. ಎರಡು ಸಲವೂ ಆಟಿ ತಿಂಗಳು (ಜುಲೈ-ಆಗಸ್ಟ್) ಮುಗಿಯುವ ಮೊದಲೇ ಅದು ಬೊಬ್ಬೆ ಎದ್ದು ಕೈಗೆ ಬಂತು.

ನೀರು ಬರುವುದು ಮಣ್ಣಿನ ಕಡೆಯಿಂದ. ಕೆಂಪುಕಲ್ಲಿಗೆ ಮೈತುಂಬ ರಂಧ್ರ. ಹಿಂದೆ ಕುಡಿದ ನೀರನ್ನು ಮುಂದೆ ಬಿಟ್ಟು ಒಣಗುತ್ತದೆ. ಆ ದಾರಿಯನ್ನು ಮುಚ್ಚಿದರೆ ನೀರು ಬಣ್ಣವನ್ನೇ ತಳ್ಳಿಕೊಂಡು ಬರುತ್ತದೆ. ತೇವಕ್ಕಿಂತ ನನಗೆ ಭಯವಿರುವುದು ಹಿಂದೆ ನಿಲ್ಲುವ ನೀರಿನದು. ಒಂದೂವರೆ ಮೀಟರ್ ನೀರು ನಿಂತರೆ, ಗೋಡೆಯ ಪ್ರತಿ ಮೀಟರ್ ಉದ್ದವನ್ನು ಒಂದು ಟನ್ನಿಗೂ ಮಿಕ್ಕಿದ ಬಲ ದೂಡುತ್ತಿರುತ್ತದೆ. ಮಣ್ಣಿನ ಒತ್ತಡ ಬೇರೆ.

ಮೊದಲು ಒಂದನ್ನು ಪರೀಕ್ಷಿಸಿ: ಮಾರ್ಚ್, ಏಪ್ರಿಲಿನಲ್ಲೂ ಗೋಡೆ ಒದ್ದೆಯಿದೆಯೇ? ಇದ್ದರೆ ಮಳೆಯದಲ್ಲ, ಯಾವುದೋ ಪೈಪು ಅಥವಾ ಇಂಗುಗುಂಡಿ ಸೋರುತ್ತಿರಬಹುದು.

ನಂತರ ನೀರಿಗೆ ದಾರಿ ಮಾಡಿ. ಗೋಡೆಯ ಬುಡದಿಂದ ಅರ್ಧ ಅಡಿ ಮೇಲೆ, ಐದೈದು ಅಡಿಗೆ ಒಂದರಂತೆ ತೂತು ಕೊರೆಸಿ, ಮೂರು ಇಂಚಿನ ಪಿವಿಸಿ ಪೈಪನ್ನು ಹೊರಗಡೆಗೆ ಸ್ವಲ್ಪ ಇಳಿಜಾರಾಗಿ ಕೂರಿಸಿ. ಮಣ್ಣು ಜಾರಿ ಬಾರದಂತೆ ಒಳತುದಿಗೆ ಬಲೆ ಕಟ್ಟಿ. ಹಿಂದೆ ದೊಡ್ಡ ಮರಗಳಿದ್ದು ಅಗೆಯಲು ಸಾಧ್ಯವಿಲ್ಲದಿದ್ದರೆ ಇಷ್ಟಕ್ಕೇ ನಿಲ್ಲಿಸಬಹುದು. ಗೋಡೆ ಒದ್ದೆಯಾಗುತ್ತದೆ, ಆದರೆ ನಿಲ್ಲುತ್ತದೆ.

ಅಗೆಯಲು ಸಾಧ್ಯವಿದ್ದರೆ ಬೇಸಗೆಯಲ್ಲಿ, ಒಂದು ಸಲಕ್ಕೆ ಹತ್ತು ಅಡಿಗಿಂತ ಹೆಚ್ಚು ತೆರೆಯದೆ ಅಗೆಯಿರಿ. ಪಂಚಾಂಗದ (ಅಡಿಪಾಯದ) ಕಲ್ಲಿನ ಕೆಳಗೆ ಹೋಗಬೇಡಿ, ಅಗೆದ ಮಣ್ಣನ್ನು ಹೊಂಡದ ಅಂಚಿನಲ್ಲಿ ರಾಶಿ ಹಾಕಬೇಡಿ. ಗೋಡೆಯ ಬೆನ್ನನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ಸಂದುಗಳನ್ನು ತುಂಬಿ, ಒಂದು ಪಾಲು ಸಿಮೆಂಟಿಗೆ ನಾಲ್ಕು ಪಾಲು ಮರಳಿನ ಸಾರಣೆ ಮಾಡಿಸಿ ಏಳು ದಿನ ನೀರುಣಿಸಿ. ಅದು ಒಣಗಿದ ಮೇಲೆ ಡಾಂಬರಿನ ಲೇಪ ಎರಡು ಸಲ. ಹರಳುಗಟ್ಟಿ ರಂಧ್ರ ಮುಚ್ಚುವ ಲೇಪವನ್ನು ಅಂಗಡಿಯವರು ಹೊಗಳಬಹುದು. ಅದು ಕಾಂಕ್ರೀಟಿನೊಳಗಿನ ಸುಣ್ಣದೊಂದಿಗೆ ಸೇರಿ ಕೆಲಸ ಮಾಡುವಂಥದ್ದು, ಕೆಂಪುಕಲ್ಲಿಗೆ ನೇರವಾಗಿ ಬಳಿದು ಫಲವಿಲ್ಲ.

ಈಗ ಬಹಳ ಮಂದಿ ಬಿಟ್ಟುಬಿಡುವ ಭಾಗ. ತೆಗೆದ ಮಣ್ಣನ್ನೇ ಲೇಪಕ್ಕೆ ತಾಗಿಸಿ ತುಂಬಬೇಡಿ. ಗೋಡೆಯ ಬುಡದಲ್ಲಿ, ತೂತುಗಳಿರುವ ನಾಲ್ಕು ಇಂಚಿನ ಪೈಪನ್ನು ನೂರು ಅಡಿಗೆ ಒಂದಡಿ ಇಳಿಜಾರಿನಲ್ಲಿ ಮಲಗಿಸಿ, ಅದರ ಮೇಲೆ ಒಂದಡಿ ಅಗಲಕ್ಕೆ ಜಲ್ಲಿ ತುಂಬಿ. ಜಲ್ಲಿಗೂ ಮಣ್ಣಿಗೂ ನಡುವೆ, ನೀರನ್ನು ಬಿಟ್ಟು ಮಣ್ಣನ್ನು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ ಇರಲೇಬೇಕು. ಇಲ್ಲದಿದ್ದರೆ ನಮ್ಮ ಜಡಿಮಳೆಗೆ ನಯಮಣ್ಣು ಇಳಿದು ಜಲ್ಲಿ ಕಟ್ಟಿಕೊಳ್ಳುತ್ತದೆ. ಮೇಲಿನ ಅರ್ಧ ಅಡಿಗೆ ಜೇಡಿಮಣ್ಣು ದಮ್ಮಸು ಮಾಡಿ, ಗೋಡೆಯಿಂದ ಆಚೆಗೆ ಇಳಿಜಾರು ಕೊಟ್ಟು, ಮಳೆನೀರನ್ನು ಕಣಿಗೆ (ಚರಂಡಿಗೆ) ತಿರುಗಿಸಿ.

ಮುಂಬದಿಗೆ ಸುಣ್ಣ ಸಾಕು, ಅದು ಗೋಡೆಯನ್ನು ಉಸಿರಾಡಲು ಬಿಡುತ್ತದೆ. ಕೆಲವು ತಿಂಗಳು ಬಿಳಿ ಉಪ್ಪು ಕಾಣಿಸಿದರೆ ಗಾಬರಿಯಾಗಬೇಡಿ, ಒಣ ಬ್ರಷ್ಷಿನಿಂದ ಉದುರಿಸಿ.

ಗೋಡೆ ಈಗಾಗಲೇ ಮುಂದಕ್ಕೆ ವಾಲಿದ್ದರೆ, ಹೊಟ್ಟೆ ಉಬ್ಬಿದ್ದರೆ ಅಥವಾ ಅಡ್ಡ ಬಿರುಕು ಬಿಟ್ಟಿದ್ದರೆ ಇದಾವುದಕ್ಕೂ ಕೈಹಾಕಬೇಡಿ. ಮೊದಲು ಸಿವಿಲ್ ಎಂಜಿನಿಯರ್ ಒಬ್ಬರಿಗೆ ತೋರಿಸಿ, ಅಲ್ಲಿಯವರೆಗೆ ಮಕ್ಕಳನ್ನು ಅದರ ಬುಡದಲ್ಲಿ ಆಡಲು ಬಿಡಬೇಡಿ.